ನಂಬರು ಆಡುವವರದ್ದು, ಕೈ ನಮ್ಮದು

ಈ ಕೆಲಸ ಕಲಿಯಬೇಕು ಅಂತ ಈಗಲೂ ಆಗೊಬ್ಬರು ಈಗೊಬ್ಬರು ನನಗೆ ಫೋನ್ ಮಾಡುತ್ತಾರೆ. ಎಲ್ಲರೂ ಮೊದಲು ಕೇಳುವುದು ಒಂದೇ: "ಅಂಕಲ್, ದೊಡ್ಡ ಪ್ಲೇಯರ್‌ಗಳ ಜೊತೆ ಫೋಟೋ ಉಂಟಾ?" ಇಲ್ಲ. ಒಂದೂ ಇಲ್ಲ. ಟೆನಿಸ್ ಟೂರ್ನಮೆಂಟಿನಲ್ಲಿ ರ‍್ಯಾಕೆಟ್‌ಗಳಿಗೆ ಗಟ್, ಅಂದರೆ ಬಲೆಯ ದಾರ, ಹಾಕುವವರ ಕೋಣೆ ಯಾವಾಗಲೂ ಹಿಂಬದಿಯಲ್ಲಿ, ಸಂಡಾಸಿನ ಪಕ್ಕದಲ್ಲೋ ಜನರೇಟರಿನ ಪಕ್ಕದಲ್ಲೋ ಇರುತ್ತದೆ. ಆಟಗಾರರು ಬಂದರೆ ಬಾಗಿಲ ಮೇಜಿನ ಹತ್ತಿರ ನಿಂತು ನಂಬರು ಹೇಳಿ ಹೋಗುತ್ತಾರೆ. ಅವರು ಆಡುವುದನ್ನು ನೋಡುವ ಪುರುಸೊತ್ತು ನಮಗಿಲ್ಲ. ಚಪ್ಪಾಳೆ ಗೋಡೆಯಾಚೆಯಿಂದ ಕೇಳಿಸುತ್ತದೆ, ಯಾರು ಗೆದ್ದರು ಅಂತ ಮರುದಿನ ಯಾವ ಬ್ಯಾಗು ಬರಲಿಲ್ಲ ಎನ್ನುವುದರಿಂದ ಗೊತ್ತಾಗುತ್ತದೆ.

ಫೋಟೋ ಇಲ್ಲ ಅಂದ ಕೂಡಲೇ ಅರ್ಧ ಜನ ಫೋನ್ ಇಡುತ್ತಾರೆ. ಉಳಿದ ಅರ್ಧ ಜನರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೆಲಸ ಹೇಗೆ ಮಾಡುವುದು ಅಂತ ಮೊಬೈಲಿನಲ್ಲಿ ವೀಡಿಯೋ ನೋಡಿದರೆ ಗೊತ್ತಾಗುತ್ತದೆ. ಅದರಲ್ಲಿ ತೋರಿಸದೇ ಇರುವುದನ್ನು ನಾನು ಹೇಳುತ್ತೇನೆ. ಅದರಲ್ಲೂ ಮುಖ್ಯವಾಗಿ ಒಬ್ಬಳ ಬಲಗೈಯ ವಿಷಯ ಹೇಳಬೇಕು. ಅದನ್ನು ಹೇಳದಿದ್ದರೆ ಉಳಿದದ್ದೆಲ್ಲ ಬರೀ ಹರಟೆ.

ನಮ್ಮದು ಉಡುಪಿ ಕಡೆ. ಅಪ್ಪ ಡೊಂಬಿವಲಿಯಲ್ಲಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ನನಗೆ ಹೋಟೆಲು ಕಂಡರಾಗುತ್ತಿರಲಿಲ್ಲ. ಠಾಣೆಯ ಒಂದು ಸ್ಪೋರ್ಟ್ಸ್ ಅಂಗಡಿಯಲ್ಲಿ ಸೇಲ್ಸ್‌ಮನ್ ಆಗಿ ಸೇರಿದೆ. ಅಲ್ಲಿ ಬ್ಯಾಡ್ಮಿಂಟನ್ ರ‍್ಯಾಕೆಟಿಗೆ ಗಟ್ ಹಾಕುವ ಹಳೆಯ ಮಷೀನು ಮೂಲೆಯಲ್ಲಿತ್ತು. ಹಾಕುವವನು ಊರಿಗೆ ಹೋದವನು ತಿರುಗಿ ಬರಲಿಲ್ಲ, ಮಾಲೀಕರು ನನ್ನನ್ನು ತಳ್ಳಿದರು. ಅಷ್ಟೇ ಕಥೆ. ಆಸೆಪಟ್ಟು ಬಂದ ಕೆಲಸವಲ್ಲ, ಬಂದ ಮೇಲೆ ಬಿಡಲು ಆಗಲಿಲ್ಲ.

ಆಗಿನ್ನೂ ದೊಡ್ಡ ಆಟಗಾರರು ಕರುಳಿನ ಗಟ್ ಹಾಕಿಸುತ್ತಿದ್ದರು. ದನದ ಕರುಳನ್ನು ಹೊಸೆದು ಮಾಡಿದ್ದು, ಎಲ್ಲಕ್ಕಿಂತ ಮೆತ್ತಗೆ, ಎಲ್ಲಕ್ಕಿಂತ ದುಬಾರಿ. ಒಂದು ಮಳೆಗಾಲದಲ್ಲಿ ನಾನು ಒಂದು ಸುರುಳಿಯನ್ನು ಅಂಗಡಿಯ ತೇವದಿಂದ ಉಳಿಸಲು ಮನೆಗೆ ತಂದು ಅಕ್ಕಿ ಡಬ್ಬಿಯೊಳಗೆ ಇಟ್ಟೆ. ಕರುಳಿನ ಗಟ್ಟಿಗೆ ತೇವ ತಗಲಿದರೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಅಮ್ಮ ಅದೇನು ಅಂತ ಕೇಳಿದರು, ನಾನು ಹೇಳಿಬಿಟ್ಟೆ. ಡಬ್ಬಿಯ ಅಕ್ಕಿ ಅಷ್ಟೂ ಹಕ್ಕಿಗಳ ಪಾಲಾಯಿತು. ಆಮೇಲೆ ನಾನು ನಿವೃತ್ತನಾಗುವವರೆಗೂ, ಕರುಳಿನ ಗಟ್ ಹೋಗಿ ಪ್ಲಾಸ್ಟಿಕ್ಕಿನದು ಬಂದು ಎಷ್ಟೋ ವರ್ಷ ಆದರೂ, ಕೆಲಸದಿಂದ ಬಂದವನು ಸ್ನಾನ ಮಾಡದೆ ಅಡುಗೆಮನೆಗೆ ಕಾಲಿಡುವ ಹಾಗಿರಲಿಲ್ಲ. ಹೆಂಡತಿ ಬಂದ ಮೇಲೂ ಅದೇ ಕಾನೂನು. ಅಮ್ಮ ತೀರಿಕೊಂಡ ಮೇಲೂ ಅದೇ.

ಟೂರ್ನಮೆಂಟಿಗೆ ನನ್ನನ್ನು ಕರೆದುಕೊಂಡು ಹೋದವರು ಪಿಂಟೋ ಸಾಹೇಬರು. ವಸಾಯಿ ಕಡೆಯ ಮನುಷ್ಯ. ಪಶ್ಚಿಮ ಭಾರತದಲ್ಲಿ ಎಲ್ಲಿ ದೊಡ್ಡ ಆಟ ನಡೆದರೂ ಗಟ್ ಕೋಣೆಯ ಮುಖ್ಯಸ್ಥರು ಅವರೇ. ಕೂದಲಿಗೆ ಎಣ್ಣೆ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಾಯಿ ತೆರೆದರೆ ಬೈಗುಳ. ಅವರು ಕಲಿಸಿದ್ದು ಮೂರು ಪಾಠ. ಇವತ್ತಿಗೂ ನನಗೆ ಅದರಾಚೆ ಏನೂ ಗೊತ್ತಿಲ್ಲ.

ಒಂದು, ಗಟ್ ಒಂದು ಕಡೆ ಹರಿದರೆ ಉಳಿದದ್ದನ್ನು ತಕ್ಷಣ ಕತ್ತರಿಸಬೇಕು, ಅದೂ ನಡುವಿನಿಂದ ಹೊರಕ್ಕೆ, ಉದ್ದದ್ದೊಂದು ಅಡ್ಡದ್ದೊಂದು. ಹಾಗೇ ಬಿಟ್ಟರೆ ಉಳಿದ ಗಟ್ಟಿನ ಎಳೆತಕ್ಕೆ ಫ್ರೇಮ್ ಸೊಟ್ಟಗಾಗುತ್ತದೆ. ಎರಡು, ಒಬ್ಬ ಆಟಗಾರನ ರ‍್ಯಾಕೆಟ್ ಮೊದಲ ದಿನ ಯಾರ ಕೈಗೆ ಬಂತೋ ಕೊನೆಯ ದಿನದವರೆಗೂ ಅವರದ್ದೇ ಕೈ, ಅದೇ ಮಷೀನು. ಇಬ್ಬರು ಒಂದೇ ನಂಬರು ಹಾಕಿದರೂ ಬಿಗಿ ಒಂದೇ ಆಗುವುದಿಲ್ಲ, ಇಬ್ಬರು ಕಲಸಿದ ಚಪಾತಿ ಹಿಟ್ಟಿನ ಹಾಗೆ. ಮೂರನೆಯದನ್ನು ಅವರು ದಿನಾ ಬೆಳಿಗ್ಗೆ ಬಾಗಿಲು ತೆಗೆಯುವಾಗ ಹೇಳುತ್ತಿದ್ದರು.

"ನಂಬರ್ ಪ್ಲೇಯರ್ ಕಾ, ಹಾತ್ ಅಪ್ನಾ. ಸಮಝೇ?"

ನಂಬರು ಅಂದರೆ ಗಟ್ ಎಷ್ಟು ಬಿಗಿ ಇರಬೇಕು ಎನ್ನುವ ಲೆಕ್ಕ, ಪೌಂಡಿನಲ್ಲಿ. ಬಿಗಿ ಹೆಚ್ಚಿದಷ್ಟೂ ಚೆಂಡು ಹೇಳಿದ ಮಾತು ಕೇಳುತ್ತದೆ, ಆದರೆ ಪ್ರತಿ ಹೊಡೆತದ ಪೆಟ್ಟು ಮೊಣಕೈಗೆ ಬರುತ್ತದೆ. ಸಡಿಲವಾದಷ್ಟೂ ಕೈಗೆ ಆರಾಮ, ಚೆಂಡು ಎಲ್ಲೆಲ್ಲೋ ಹಾರುತ್ತದೆ. ಐವತ್ತರ ಆಸುಪಾಸು ಸಾಮಾನ್ಯ. ಯಾರಿಗೆ ಎಷ್ಟು ಬೇಕು ಅನ್ನುವುದು ಅವರವರ ಕೈಗೆ ಬಿಟ್ಟದ್ದು. ಅದನ್ನು ರ‍್ಯಾಕೆಟ್ ಹಿಡಿಯುವವರೇ ಬಾಯಿಬಿಟ್ಟು ಹೇಳಬೇಕು, ಕೋಚ್ ಅಲ್ಲ, ಮ್ಯಾನೇಜರ್ ಅಲ್ಲ. ಹೇಳಿದ ಮೇಲೆ ಆ ನಂಬರು ನಮ್ಮ ಬಾಯಿಂದ ಹೊರಗೆ ಹೋಗಬಾರದು. ಎದುರಾಳಿಗೆ ಗೊತ್ತಾದರೆ ಆಟದ ಅರ್ಧ ಗುಟ್ಟು ಗೊತ್ತಾದ ಹಾಗೆ. ಇದು ಹೆಚ್ಚು ಎಂದೋ ಕಡಿಮೆ ಎಂದೋ ಹೇಳುವ ಅಧಿಕಾರ ನಮಗಿಲ್ಲ. ಒಮ್ಮೆ ನಾನು ಒಬ್ಬನಿಗೆ "ಸ್ವಲ್ಪ ಜಾಸ್ತಿ ಆಯಿತಲ್ಲವಾ?" ಅಂದೆ. ಪಿಂಟೋ ಸಾಹೇಬರು ಅವನೆದುರೇ ನನ್ನನ್ನು ಕೋಣೆಯಿಂದ ಆಚೆ ಹಾಕಿದರು. ಜನರೇಟರಿನ ಹೊಗೆ ಕುಡಿಯುತ್ತ ಊಟದ ಹೊತ್ತಿನವರೆಗೆ ನಿಂತಿದ್ದೆ.

ಯಡವಟ್ಟಿನ ಕಥೆ ಬೇಕೆನ್ನುವವರಿಗೆ ವಿಕ್ಕಿಯದ್ದು ಹೇಳುತ್ತೇನೆ. ವಿಕ್ಕಿ ಉಲ್ಹಾಸನಗರದವನು, ಅಪ್ಪನ ಬಟ್ಟೆ ಅಂಗಡಿ ಬಿಟ್ಟು ನಮ್ಮ ಕೋಣೆಗೆ ಸೇರಿದ್ದ. ಕೈ ಚುರುಕು, ಕಿವಿ ಮಂದ. ಯುರೋಪಿನ ಒಬ್ಬ ಆಟಗಾರ ಬಂದು "ಟ್ವೆಂಟಿಫೋರ್" ಅಂದ. ಆ ಕಡೆಯವರು ಕಿಲೋದಲ್ಲಿ ಹೇಳುತ್ತಾರೆ, ಇಪ್ಪತ್ತನಾಲ್ಕು ಕಿಲೋ ಅಂದರೆ ಐವತ್ತಮೂರು ಪೌಂಡಿನ ಹತ್ತಿರ. ವಿಕ್ಕಿ ಇಪ್ಪತ್ತನಾಲ್ಕು ಪೌಂಡು ಹಾಕಿ ಕೊಟ್ಟ. ಆ ಮನುಷ್ಯ ಮೊದಲ ಸರ್ವ್ ಹೊಡೆದಾಗ ಚೆಂಡು ಹಿಂದಿನ ಬೇಲಿ ದಾಟಿ ಪಾರ್ಕಿಂಗಿನ ಆಟೋ ಮೇಲೆ ಬಿತ್ತಂತೆ. ನಾವು ನಕ್ಕೆವು. ವಿಕ್ಕಿಯೂ ನಕ್ಕ. ಪಿಂಟೋ ಸಾಹೇಬರು ನಗಲಿಲ್ಲ. ಸಂಜೆಯೊಳಗೆ ವಿಕ್ಕಿಯ ಗಂಟುಮೂಟೆ ಕಟ್ಟಿಸಿದರು. ಎರಡು ಸೀಸನ್ ಆದ ಮೇಲೆ, ವಿಕ್ಕಿಯ ಅಪ್ಪ ಕೈಮುಗಿದು ಬಂದ ಮೇಲೆ, ಮತ್ತೆ ಸೇರಿಸಿಕೊಂಡರು. ಅಲ್ಲಿಂದ ಮುಂದೆ ಯಾರು ಯಾವ ನಂಬರು ಹೇಳಿದರೂ ವಿಕ್ಕಿ ಮೊದಲು ಕೇಳುತ್ತಿದ್ದದ್ದು, "ಕಿಲೋ ಯಾ ಪೌಂಡ್?" ಆ ಪ್ರಶ್ನೆ ನಮಗೆಲ್ಲ ತಮಾಷೆಯಾಗಿತ್ತು. ಒಂದು ದಿನ ಅದು ತಮಾಷೆಯಾಗಿ ಉಳಿಯಲಿಲ್ಲ. ಅದನ್ನು ಅದರ ಜಾಗದಲ್ಲಿ ಹೇಳುತ್ತೇನೆ.

ಟೂರ್ನಮೆಂಟು ವರ್ಷಕ್ಕೆ ಕೆಲವೇ ವಾರ. ಉಳಿದ ದಿನ ಹೊಟ್ಟೆ ಹೊರೆಯಬೇಕಲ್ಲ, ವರ್ತಕ ನಗರದಲ್ಲಿ ನನ್ನದೇ ಸಣ್ಣ ಅಂಗಡಿ ಹಾಕಿದೆ. ಅಲ್ಲಿಗೆ ಒಂದು ಭಾನುವಾರ ಹಿರೇಮಠರು ಮಗಳನ್ನು ಕರೆದುಕೊಂಡು ಬಂದರು. ಬಾಗಲಕೋಟೆ ಕಡೆಯವರು, ಕಲ್ಯಾಣದಲ್ಲಿ ಮನೆ, ಸರ್ಕಾರಿ ಕಚೇರಿಯಲ್ಲಿ ಕೆಲಸ. ಬೋರ್ಡಿನಲ್ಲಿ ಕನ್ನಡ ಅಕ್ಷರ ಕಂಡು ಮುಖ ಅರಳಿತ್ತು.

"ಶೆಟ್ರ, ನೀವು ನಮ್ಮವರ ಅಂದಂಗಾತು!"

ನಾನು ಶೆಟ್ಟಿಯಲ್ಲ. ಹಾಗಂತ ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಮುಂಬಯಿಯಲ್ಲಿ ಘಟ್ಟದ ಕೆಳಗಿನವರೆಲ್ಲ ಶೆಟ್ರೇ, ಎರಡು ಸಲ ತಿದ್ದಿ ಬಿಟ್ಟುಬಿಟ್ಟೆ.

ಮಗಳು ಪಲ್ಲವಿ ಆಗ ಏಳನೇ ಕ್ಲಾಸು. ಇಲ್ಲೇ ಹುಟ್ಟಿ ಬೆಳೆದವಳು, ಅಪ್ಪನ ಕನ್ನಡಕ್ಕೆ ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದಳು. ತೆಳ್ಳಗೆ, ಉದ್ದಕ್ಕೆ, ಹಲ್ಲಿಗೆ ತಂತಿ. ಗಟ್ ಹಾಕಿ ಕೊಟ್ಟರೆ ಅಂಗೈಯಿಂದ ಒಂದು ಸಲ ತಟ್ಟಿ, ಕಿವಿ ಹತ್ತಿರ ಹಿಡಿದು, ನನ್ನ ಕಡೆ ನೋಡಿ ತಲೆ ಅಲ್ಲಾಡಿಸುತ್ತಿದ್ದಳು. ಸರಿ ಇದೆ ಅಂತ. ತಪ್ಪಿದ್ದರೆ ಮುಖ ಹುಳ್ಳಗಾಗುತ್ತಿತ್ತು. ದೊಡ್ಡ ದೊಡ್ಡವರ ರ‍್ಯಾಕೆಟ್ ಮಾಡಿದ್ದೇನೆ, ಅಷ್ಟು ಸೂಕ್ಷ್ಮ ಕೈ ಬಹಳ ಕಂಡಿಲ್ಲ. ಆ ಮಗು ಅಂಗಡಿಗೆ ಬರುವ ಭಾನುವಾರ ನನಗೆ ಖುಷಿಯಾಗುತ್ತಿತ್ತು. ನನಗೆ ಮಕ್ಕಳಿಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ.

ಹಿರೇಮಠರು ಕೆಟ್ಟ ಮನುಷ್ಯ ಅಂತ ಯಾರೂ ತಿಳಿಯಬಾರದು. ಬೆಳಗಿನ ಜಾವ ಕಲ್ಯಾಣದಿಂದ ಅವಳ ಬ್ಯಾಗು ಹೊತ್ತು ಲೋಕಲ್ ಹತ್ತಿ, ಟೆನಿಸ್ ಕೋರ್ಟಿಗೆ ಬಿಟ್ಟು, ಆಫೀಸಿಗೆ ಹೋಗಿ, ಸಂಜೆ ಮತ್ತೆ ಕರೆದುಕೊಂಡು ಬರುತ್ತಿದ್ದರು. ಗರ್ದಿಯಲ್ಲಿ ರ‍್ಯಾಕೆಟ್ ಬ್ಯಾಗಿಗೆ ಪೆಟ್ಟಾಗಬಾರದು ಅಂತ ಮಗುವಿನ ಹಾಗೆ ಎದೆಗೆ ಅವಚಿಕೊಂಡು ನಿಂತಿರುವುದನ್ನು ನಾನೇ ಠಾಣೆ ಸ್ಟೇಷನ್ನಿನಲ್ಲಿ ಕಂಡಿದ್ದೇನೆ. ಅವಳಿಗೆ ಹದಿನಾಲ್ಕು ತುಂಬಿದಾಗ ಪುಣೆಯ ಯಾವುದೋ ಕ್ಯಾಂಪಿನಲ್ಲಿ ಒಬ್ಬ ಕೋಚ್ ಅವರ ತಲೆಗೆ ಒಂದು ಮಾತು ತುಂಬಿದ. ದೊಡ್ಡವರ ಹಾಗೆ ಆಡಬೇಕಾದರೆ ದೊಡ್ಡವರ ಗಟ್, ದೊಡ್ಡವರ ನಂಬರು. ಆ ಹೊತ್ತಿಗೆ ಪಾಲಿಯೆಸ್ಟರ್ ಗಟ್ ಎಲ್ಲ ಕಡೆ ಬಂದಾಗಿತ್ತು. ಬೇಗ ಹರಿಯುವುದಿಲ್ಲ, ಚೆಂಡಿಗೆ ಒಳ್ಳೆ ತಿರುಗು ಕೊಡುತ್ತದೆ. ಆದರೆ ತಂತಿಯಷ್ಟು ಬಿರುಸು, ಬೆಳೆಯುವ ಮೂಳೆಗೆ ಅದು ಆಗಿಬರುವುದಿಲ್ಲ.

"ಐವತ್ತೆಂಟ ಹಾಕ್ರಿ, ಶೆಟ್ರ. ಒಂದ ಪೌಂಡ್ ಕಡಿಮಿ ಆಗಬಾರದು."

ಪಲ್ಲವಿ ನನ್ನ ಮುಖ ನೋಡಿದಳು. ಅಂಗಡಿಯಲ್ಲಿ ಪಿಂಟೋ ಸಾಹೇಬರಿರಲಿಲ್ಲ. ನಾನು ಬಾಯಿ ಬಿಟ್ಟೆ. "ಹಿರೇಮಠರೇ, ಈ ಗಟ್ಟಿಗೆ ಐವತ್ತೆಂಟು ಈ ಪ್ರಾಯದ ಕೈ ತಡೆಯುವುದಿಲ್ಲ. ನಲವತ್ತೈದರ ಮೇಲೆ ಬೇಡ."

"ಆಕಿಗೆ ರೂಢಿ ಆಗತೈತ್ರಿ."

ಆಯಿತು, ಹಾಕಿದೆ. ಕೆಲವು ತಿಂಗಳಾದ ಮೇಲೆ ಅವಳು ತಟ್ಟಿ ನೋಡಲು ಬಲಗೈ ಬಿಟ್ಟು ಎಡಗೈ ಬಳಸಿದಳು. ಅಪ್ಪ ಹೊರಗೆ ಫೋನಿನಲ್ಲಿದ್ದರು. ನಾನು ಏನಾಯಿತು ಅಂದೆ.

"ಕಾಕಾ, ಹಾತ್ ದುಖತೋಯ್," ಅಂದಳು ಸಣ್ಣ ದನಿಯಲ್ಲಿ, ಕೈ ನೋಯುತ್ತದೆ ಅಂತ. ಮೊಣಕೈಯ ಒಳಬದಿ ತೋರಿಸಿದಳು. ರಾತ್ರಿ ಕಿರುಬೆರಳು ಜುಮ್ಮೆನ್ನುತ್ತದಂತೆ. ಅಪ್ಪನಿಗೆ ಹೇಳಿದೆಯಾ ಅಂದರೆ, ಹೇಳಿದರೆ ಅವರು ಊಟ ಬಿಡುತ್ತಾರೆ ಅಂದಳು.

ಹಿರೇಮಠರು ಒಳಗೆ ಬಂದಾಗ ನಾನು ಕೈಯಲ್ಲಿದ್ದ ದಬ್ಬಣ ಕೆಳಗಿಟ್ಟೆ. ಹುಡುಗಿಯನ್ನು ಡಾಕ್ಟರಿಗೆ ತೋರಿಸಿ, ಅಲ್ಲಿಯವರೆಗೆ ಐವತ್ತೆಂಟು ಹಾಕಿ ಕೊಡುವುದಿಲ್ಲ, ಬೇರೆ ಏನು ಬೇಕಾದರೂ ಕೇಳಿ ಮಾರಾಯರೇ ಅಂದೆ. ಅವರ ಮುಖ ಕೆಂಪಾಯಿತು.

"ನೀವು ಗಟ್ ಹಾಕೋರು, ಗಟ್ ಹಾಕ್ರಿ. ಆಕಿ ಕೈ ಬಗ್ಗೆ ಚಿಂತಿ ಮಾಡಾಕ ನಾ ಅದೀನಿ."

ರ‍್ಯಾಕೆಟ್‌ಗಳನ್ನು ಬ್ಯಾಗಿಗೆ ತುರುಕಿಕೊಂಡು ಹೊರಟರು. ಉಲ್ಹಾಸನಗರದಲ್ಲಿ ಕೇಳಿದ್ದನ್ನು ಕೇಳಿದ ಹಾಗೆ ಹಾಕಿಕೊಡುವ ಅಂಗಡಿಗಳಿಗೆ ಬರವಿರಲಿಲ್ಲ. ಪಲ್ಲವಿ ಮೆಟ್ಟಿಲಿಳಿಯುವಾಗ ಒಮ್ಮೆ ಹಿಂದಿರುಗಿ ನೋಡಿದಳು. ನನಗೆ ಆ ದಿನ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಅಂದು ನಾನು ಮಾಡಿದ್ದು ಸರಿಯೇ. ಸರಿ ಮಾಡಿ ಏನು ಬಂತು? ಅವಳ ಕೈ ನನ್ನ ಅಂಗಡಿಯಿಂದ ಆಚೆ ಹೋಯಿತು, ನೋವು ಹೇಳಿಕೊಳ್ಳಲು ಇದ್ದ ಒಂದು ಜಾಗವೂ ಹೋಯಿತು.

ಮತ್ತೆ ಅವಳನ್ನು ಕಂಡದ್ದು ನವಿ ಮುಂಬಯಿಯಲ್ಲಿ. ಹೆಂಗಸರ ಪ್ರೊಫೆಷನಲ್ ಟೂರ್ನಮೆಂಟು, ಹೊರದೇಶದವರೂ ಬಂದಿದ್ದರು. ನಾನು ದಿನಾ ಡೊಂಬಿವಲಿಯಿಂದ ಠಾಣೆಗೆ ಬಂದು, ಗಾಡಿ ಬದಲಿಸಿ ನೆರೂಳಿನಲ್ಲಿ ಇಳಿಯುತ್ತಿದ್ದೆ. ಕೋಣೆಯಲ್ಲಿ ಎಲೆಕ್ಟ್ರಾನಿಕ್ ಮಷೀನುಗಳು ಬಂದಿದ್ದವು. ಗುಂಡಿ ಒತ್ತಿದರೆ ಅದೇ ಎಳೆದು ಅದೇ ನಿಲ್ಲುತ್ತದೆ. ಹಳೆಯ ಹಿಡಿಕೆ ತಿರುಗಿಸುವಾಗ ಗಟ್ ಬಿಗಿಯಾಗುವುದು ಭುಜಕ್ಕೆ ತಿಳಿಯುತ್ತಿತ್ತು, ಈಗ ಅದು ಬರೀ ಕೆಂಪು ಅಂಕಿ. ಪಿಂಟೋ ಸಾಹೇಬರಿಗೆ ಸಕ್ಕರೆ ಕಾಯಿಲೆ ಹೆಚ್ಚಾಗಿ ಬೆರಳ ತುದಿಯ ಸ್ಪರ್ಶ ಹೋಗಿತ್ತು. ಗಟ್ ಹಾಕುವುದು ಬಿಟ್ಟು ಬಾಗಿಲ ಮೇಜಿನಲ್ಲಿ ಕೂತಿರುತ್ತಿದ್ದರು. ಬಿಳಿ ಅಂಗಿ ಮಾತ್ರ ಹಾಗೇ ಇತ್ತು.

ಮೊದಲ ದಿನ ಹಿರೇಮಠರು ನಾಲ್ಕು ರ‍್ಯಾಕೆಟ್ ತಂದು ಮೇಜಿನ ಮೇಲಿಟ್ಟರು. ನನ್ನನ್ನು ಕಂಡು ಸ್ವಲ್ಪ ಹಿಂಜರಿದರು, ಆಮೇಲೆ ಪಿಂಟೋ ಸಾಹೇಬರಿಗೆ ಐವತ್ತೆಂಟು ಅಂದರು.

"ಪ್ಲೇಯರ್ ಕೋ ಬುಲಾವ್," ಅಂದರು ಸಾಹೇಬರು ತಲೆ ಎತ್ತದೆ.

"ನಾನು ಅವಳ ತಂದೆ," ಅಂದರು ಹಿರೇಮಠರು ಹಿಂದಿಯಲ್ಲಿ.

"ಬಾಪ್ ಖೇಲೇಗಾ ಕ್ಯಾ? " ಆಡುವವರು ಹೇಳಲಿ ಅಂತ.

ನನಗೆ ಇದಕ್ಕಾಗಿಯೇ ಇರುವ ನಿಯಮ ಇದು ಅನ್ನಿಸಿತು. ಪಲ್ಲವಿ ಬಂದಳು. ಹತ್ತೊಂಬತ್ತು ಇಪ್ಪತ್ತರ ಹುಡುಗಿ, ಹಲ್ಲಿನ ತಂತಿ ಹೋಗಿತ್ತು, ಬಲ ಮೊಣಕೈಗೆ ಚರ್ಮದ ಬಣ್ಣದ ಪಟ್ಟಿ. ಅಪ್ಪ ಹಿಂದೆ ನಿಂತಿದ್ದರು. ಸಾಹೇಬರು ನಂಬರು ಕೇಳಿದರು. ಅವಳು ಮೇಜು ನೋಡುತ್ತ "ಫಿಫ್ಟಿಎಯ್ಟ್" ಅಂದಳು.

ನಂಬರು ಆಡುವವರದ್ದು. ರ‍್ಯಾಕೆಟ್ ನನ್ನ ಪಾಲಿಗೆ ಬಂತು, ಐವತ್ತೆಂಟು ಹಾಕಿದೆ. ಇಷ್ಟು ಬಿಗಿಗೆ ಅಡ್ಡ ಗಟ್ ನೇಯುವಾಗ ಬೆರಳು ಸೀಳುತ್ತದೆ. ಸೀಳಲಿ ಅನ್ನಿಸಿತು.

ಅವಳು ಅರ್ಹತಾ ಸುತ್ತಿನ ಮೊದಲ ಆಟ ಹೇಗೋ ಗೆದ್ದಳು. ಮರುದಿನ ಬೆಳಿಗ್ಗೆ ಒಬ್ಬಳೇ ಬಂದಳು, ಅಪ್ಪ ಎಲ್ಲಿ ಅಂದರೆ ಕ್ಯಾಂಟೀನಿನಲ್ಲಿ ಅಂದಳು. "ಕಾಕಾ, ಪನ್ನಾಸ್." ಐವತ್ತು. ಹಾಕಿ ಕೊಟ್ಟೆ. ರ‍್ಯಾಕೆಟ್ಟಿಗೆ ಕಟ್ಟಿದ ನಂಬರಿನ ಚೀಟಿ ಕಿತ್ತು ನಮ್ಮ ಕಸದ ಬುಟ್ಟಿಗೆ ಹಾಕಿ ಹೋದಳು. ಆ ದಿನವೂ ಗೆದ್ದಳು. ಅದರ ಮರುದಿನ ನಲವತ್ತೆರಡು. ಮತ್ತೆ ಗೆದ್ದು ಮುಖ್ಯ ಸುತ್ತಿಗೆ ಬಂದಳು. ಹೊರಗೆ ಹಿರೇಮಠರು ಯಾರಿಗೋ ಪೇಡಾ ಹಂಚುತ್ತಿರುವುದು ಕಿಟಕಿಯಿಂದ ಕಾಣುತ್ತಿತ್ತು.

ನಮ್ಮ ಕಸುಬಿನವರಿಗೆ ಇದು ಹೊಸದಲ್ಲ. ಆಟಗಾರರು ಹವೆ ನೋಡಿ ಒಂದೋ ಎರಡೋ ಪೌಂಡು ಏರಿಳಿಸುತ್ತಾರೆ. ದಿನಕ್ಕೆ ಎಂಟೆಂಟು ಇಳಿಸುತ್ತ ಹೋದರೆ ಅದು ಹವೆಯಲ್ಲ, ಕೈ ಹೋಗುತ್ತಿದೆ. ಡಾಕ್ಟರ್ ನೋಡುವ ಮೊದಲೇ ನಾವು ನೋಡಿರುತ್ತೇವೆ. ನೋಡಿ ಏನು ಮಾಡುತ್ತೇವೆ? ಗುಂಡಿ ಒತ್ತುತ್ತೇವೆ.

ಮುಖ್ಯ ಸುತ್ತಿನ ಬೆಳಿಗ್ಗೆ ನಾನು ಮಷೀನಿನ ಮೇಲೆ ಇನ್ನೊಬ್ಬರ ರ‍್ಯಾಕೆಟ್ ಏರಿಸಿದ್ದೆ, ಮೇಜಿನ ಹತ್ತಿರ ವಿಕ್ಕಿ ಇದ್ದ. ಪಲ್ಲವಿ ಎಡ ಹೆಗಲಿಗೆ ಬ್ಯಾಗು ಹಾಕಿಕೊಂಡು ಬಂದಳು.

"ತೀಸ್," ಅಂದಳು.

ವಿಕ್ಕಿ ರೂಢಿಯಂತೆ ಕೇಳಿದ, "ಕಿಲೋ ಯಾ ಪೌಂಡ್?"

ಮೂವತ್ತು ಕಿಲೋ ಅಂದರೆ ಅರವತ್ತಾರು ಪೌಂಡು, ಕೆಲವು ಹಳಬರು ಹಾಗೂ ಆಡುತ್ತಾರೆ. ಅವನಿಗೆ ಹಾಗೆನ್ನಿಸಿದ್ದರಲ್ಲಿ ತಪ್ಪಿಲ್ಲ.

"ಪೌಂಡ್," ಅಂದಳು.

ಕೋಣೆಯಲ್ಲಿದ್ದವರೆಲ್ಲ ಕೈ ನಿಲ್ಲಿಸಿದರು. ವಿಕ್ಕಿ ನನ್ನ ಕಡೆ ತಿರುಗಿದ. ಪಿಂಟೋ ಸಾಹೇಬರು ಕನ್ನಡಕ ತೆಗೆದು ಅವಳನ್ನು ನೋಡಿದರು. ಅವರು ಆಟಗಾರರಿಗೆ ನಂಬರಿನ ಬಗ್ಗೆ ಒಂದು ಮಾತು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಬೇಟಾ, ಮತ್ ಖೇಲ್." ಆಡಬೇಡ ಮಗಳೇ.

"ಆಜ್ ಕಾ ದಿನ್, ಅಂಕಲ್," ಅಂದಳು, ಇವತ್ತೊಂದು ದಿನ ಅಂತ. ನನ್ನ ಕಡೆ ನೋಡಿ, "ಕಾಕಾ, ಬಾಬಾಲಾ ನಕೋ ಸಾಂಗೂ." ಅಪ್ಪನಿಗೆ ಹೇಳಬೇಡ ಅಂತ.

ಹೇಳಲಿಲ್ಲ. ಹೇಳುವ ಹಕ್ಕು ನನಗಿರಲಿಲ್ಲ, ಹೇಳಿ ಒಮ್ಮೆ ನೋಡಿಯೂ ಆಗಿತ್ತು. ಮೂವತ್ತು ಪೌಂಡಿಗೆ ಗಟ್ ಹಾಕುವುದು ಹೂ ಕಟ್ಟಿದಷ್ಟು ಸಲೀಸು. ಬೆರಳಿಗೆ ಏನೂ ನೋವಾಗಲಿಲ್ಲ. ಆ ರ‍್ಯಾಕೆಟ್ ಹಾಕುವಾಗ ನನ್ನ ಕಣ್ಣಿನಲ್ಲಿ ನೀರು ಬಂತು. ವಿಕ್ಕಿ ನೋಡಿಯೂ ನೋಡದವನ ಹಾಗೆ ತಿರುಗಿ ಕೂತ.

ಗೋಡೆಯಾಚೆ ಚಪ್ಪಾಳೆ ಆಗಾಗ ಕೇಳಿಸುತ್ತಿತ್ತು. ಮೊದಲ ಸೆಟ್ ಅವಳೇ ಗೆದ್ದಳು ಅಂತ ಯಾರೋ ಬಂದು ಹೇಳಿದರು. ಅಷ್ಟು ಸಡಿಲ ಗಟ್ಟಿನಲ್ಲಿ ಹೇಗೆ ಗೆದ್ದಳೋ ದೇವರಿಗೇ ಗೊತ್ತು. ಎರಡನೇ ಸೆಟ್ಟಿನ ನಡುವೆ ಚಪ್ಪಾಳೆ ನಿಂತಿತು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಸರ್ವ್ ಮಾಡಲು ಕೈ ಎತ್ತಿದವಳ ಬೆರಳಿನಿಂದ ರ‍್ಯಾಕೆಟ್ ಜಾರಿ ಬಿತ್ತಂತೆ. ಎತ್ತಿಕೊಳ್ಳಲು ಹೋದರೆ ಬೆರಳು ಮುಚ್ಚಲಿಲ್ಲವಂತೆ. ಮೊಣಕೈಯ ನರ. ಆಪರೇಶನ್ ಮಾಡಿದರು, ಆರು ತಿಂಗಳು ಬಿಟ್ಟು ಇನ್ನೊಂದು ಮಾಡಿದರು. ಕಿರುಬೆರಳು, ಉಂಗುರದ ಬೆರಳು ಎರಡೂ ಮರಗಟ್ಟಿ ಹೋದವು, ಹಿಡಿತ ಬರಲಿಲ್ಲ.

ಪಿಂಟೋ ಸಾಹೇಬರಿಗೂ ಅದೇ ಕೊನೆಯ ಟೂರ್ನಮೆಂಟು. ಮರುವರ್ಷ ಮಷೀನು ಕೊಟ್ಟ ಕಂಪನಿಯವರು ತಮ್ಮದೇ ತಂಡ ತಂದರು. ಸಾಹೇಬರಿಗೂ ನಮಗೂ ಯಾರೂ ತಿಳಿಸಲಿಲ್ಲ. ಇಸ್ತ್ರಿ ಅಂಗಿ ಹಾಕಿಕೊಂಡು ಬಂದವರನ್ನು ಗೇಟಿನವನು ಪಾಸ್ ಕೇಳಿ ನಿಲ್ಲಿಸಿದ. ಅದೇ ಹೊತ್ತಿಗೆ ಬಂದ ನಾನೂ ಒಳಗೆ ಹೋಗಲಿಲ್ಲ, ಇಬ್ಬರೂ ಹೊರಗಿನ ಟಪರಿಯಲ್ಲಿ ಚಹಾ ಕುಡಿದೆವು. "ಲಡ್ಕಿ ಕಾ ಹಾತ್ ಕೈಸಾ ಹೈ?" ಅಂತ ಅವಳ ಕೈಯ ಬಗ್ಗೆ ಕೇಳಿದರು. ಸರಿ ಹೋಗಲಿಲ್ಲ ಅಂದೆ. ಲೋಟ ಇಟ್ಟು ವಸಾಯಿಗೆ ಹೋದರು. ಆ ಮಳೆಗಾಲದಲ್ಲಿ ತೀರಿಕೊಂಡರು.

ಪಲ್ಲವಿ ಒಮ್ಮೆ ಮಾಜಿವಾಡಾದ ಬಸ್ ಸ್ಟಾಪಿನಲ್ಲಿ ಸಿಕ್ಕಿದಳು. ಐರೋಲಿಯಲ್ಲಿ ಒಂದು ಆಫೀಸಿನಲ್ಲಿ ಕೆಲಸ, ಅಲ್ಲೇ ಗೆಳತಿಯರ ಜೊತೆ ರೂಮು. ಫೋನು, ಪರ್ಸು, ಎಲ್ಲ ಎಡಗೈಯಲ್ಲಿ. ನನ್ನ ಜೊತೆ ಅವತ್ತು ಕನ್ನಡದಲ್ಲೇ ಮಾತಾಡಿದಳು, ತಡವರಿಸಿಕೊಂಡು. ಅದೇ ನನಗೆ ಹೆಚ್ಚು ಸಂಕಟ ಕೊಟ್ಟಿತು.

"ಕಾಕಾ, ಬಾಬಾ ರ‍್ಯಾಕೆಟ್ ತಗೊಂಡು ಬರ್ತಾರಾ ನಿಮ್ಮ ಹತ್ರ?"

ಇಲ್ಲ ಅಂದೆ.

"ಬರ್ತಾರೆ. ಬಂದ್ರೆ ಹಾಕಿ ಕೊಡಿ. ನಂಗೆ ಗೊತ್ತು ಅಂತ ಹೇಳಬೇಡಿ."

ಬಸ್ಸು ಬಂತು, ಎಡಗೈಯಲ್ಲಿ ಕಂಬಿ ಹಿಡಿದು ಹತ್ತಿದಳು.

ಅವಳು ಹೇಳಿದ ಹಾಗೆಯೇ ಹಿರೇಮಠರು ಬಂದರು. ಜಗಳದ ನೆನಪೇ ಇಲ್ಲದವರ ಹಾಗೆ ಆ ನಾಲ್ಕು ರ‍್ಯಾಕೆಟ್ ಮೇಜಿನ ಮೇಲಿಟ್ಟರು. ಗಟ್ ಸತ್ತು ಹೋಗಿರುತ್ತಾವ, ಬದಲಿ ಮಾಡ್ರಿ, ಅದ ನಂಬರು ಅಂದರು. ಮಗಳು ಹೇಗಿದ್ದಾಳೆ ಅಂದೆ. "ಪ್ರ್ಯಾಕ್ಟೀಸ್ ನಡದೈತ್ರಿ, ಜರಾ ಜರಾ."

ಗಟ್ ಆಡದೆ ಇಟ್ಟರೂ ಸಾಯುತ್ತದೆ. ಎಳೆತಕ್ಕೆ ಸಿಕ್ಕಿದ್ದು ದಿನ ಕಳೆದಂತೆ ಜೀವ ಬಿಡುತ್ತದೆ. ಅವರು ಹೇಳಿದ್ದು ಸರಿಯೇ. ಆದರೆ ಆಡಿದ ಗಟ್ಟಿನಲ್ಲಿ ಉದ್ದದ್ದೂ ಅಡ್ಡದ್ದೂ ಸೇರುವಲ್ಲಿ ಉಜ್ಜಿ ಕಚ್ಚು ಬಿದ್ದಿರುತ್ತದೆ, ಚೆಂಡಿನ ಹಳದಿ ಜೂಲು ಅಂಟಿರುತ್ತದೆ. ಅವರು ತಂದದ್ದು, ಆಪರೇಶನ್ ಆದ ಮೇಲೆ ಉಲ್ಹಾಸನಗರದಲ್ಲಿ ಹಾಕಿಸಿದ್ದಂತೆ, ಅಂಗಡಿಯಿಂದ ಆಗಷ್ಟೇ ಹೊರಬಿದ್ದ ಹಾಗೆ ಹೊಳೆಯುತ್ತಿತ್ತು. ಚೆಂಡೇ ಕಾಣದ ಗಟ್ಟನ್ನು ನಡುವಿನಿಂದ ಹೊರಕ್ಕೆ ಕತ್ತರಿಸಿ, ಹೊಸದು ಹಾಕಿ, ಐವತ್ತೆಂಟಕ್ಕೆ ಎಳೆದು ಕೊಟ್ಟೆ. ಕೆಲವು ತಿಂಗಳಿಗೆ ಮತ್ತೆ ಬಂದರು. ಮತ್ತೆ ಅದೇ ಹೊಳಪು, ಅದೇ ಮಾತು. ವರ್ಷಗಟ್ಟಲೆ ಇದು ನಡೆಯಿತು. ಅವರು ನಿವೃತ್ತರಾದರು, ಕೂದಲು ಬೆಳ್ಳಗಾಯಿತು, ಬ್ಯಾಗು ಎದೆಗೆ ಅವಚಿಕೊಳ್ಳುವುದು ಮಾತ್ರ ಬಿಡಲಿಲ್ಲ. ಮೊದಮೊದಲು ಅವರ ಮುಖ ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಬರುಬರುತ್ತ ಚಹಾ ತರಿಸುತ್ತಿದ್ದೆ.

ನನ್ನ ಹೆಬ್ಬೆರಳಿನ ಗಂಟು ಊದಿ ಇನ್ನು ಆಗುವುದಿಲ್ಲ ಅನ್ನಿಸಿದಾಗ ಅಂಗಡಿ ಮುಚ್ಚುವುದೆಂದು ತೀರ್ಮಾನಿಸಿದೆ. ಮಷೀನನ್ನು ವಿಕ್ಕಿ ಕೊಳ್ಳುವವನಿದ್ದ. ಆ ಕೊನೆಯ ವಾರ ಒಂದು ಮಧ್ಯಾಹ್ನ ಹಿರೇಮಠರು ಬ್ಯಾಗಿನ ಜೊತೆ ಬಂದರು. ಅಂಗಡಿ ಮುಚ್ಚುತ್ತಿದ್ದೇನೆ ಅಂದೆ. ಖಾಲಿ ಗೋಡೆಗಳನ್ನು ನೋಡುತ್ತ ಸ್ಟೂಲಿನ ಮೇಲೆ ಕೂತರು. ನಾನು ಮೊದಲ ರ‍್ಯಾಕೆಟ್ ತೆಗೆದುಕೊಂಡು ಕತ್ತರಿ ಹಿಡಿದೆ, ಕತ್ತರಿಸಲು ಮನಸ್ಸು ಬರಲಿಲ್ಲ.

"ಹಿರೇಮಠರೇ, ಈ ಗಟ್ಟಿಗೆ ಚೆಂಡು ತಾಗಿಲ್ಲ."

"ಗೊತ್ತೈತ್ರಿ," ಅಂದರು. ಸಿಟ್ಟಾಗಲಿಲ್ಲ. ಬ್ಯಾಗಿನ ಜಿಪ್ಪು ಎಳೆಯುತ್ತ, "ಆ ವಾರ ಆಕಿ ಗೆದ್ದಳಲ್ರಿ, ನೆರೂಳ ಸ್ಟೇಷನ್‌ದಾಗ ಬ್ಯಾಗ್ ತಗದು ನಾ ಗಟ್ ಒತ್ತಿ ನೋಡಿದ್ದೆ. ನಲವತ್ತೈದೂ ಇರಲಿಲ್ಲ ಅದು. ನನಗೇನ್ ತಿಳಿಯೂದಿಲ್ಲೇನ್ರಿ, ಇಷ್ಟ ವರ್ಷ ಹೊತ್ತಾಂವಗ? ಕೈ ಇಷ್ಟ ನೋಯಾಕತ್ತೈತಿ ಅಂತ ಅವತ್ತ ಗೊತ್ತಾತು. ಗೆಲ್ಲಾಕತ್ತಿದ್ಲು. ಸುಮ್ಮನಾದೆ."

ಹೊರಗೆ ತರಕಾರಿಯವನು ಕೂಗುತ್ತ ಹೋದ.

"ಕಡೀ ದಿನ ನೋಡಲಿಲ್ರಿ. ಧೈರ್ಯ ಆಗಲಿಲ್ಲ. ಕಡೀ ದಿನ ಎಷ್ಟ ಹೇಳಿದ್ಲು ಶೆಟ್ರ?"

ನಾನು ಬಾಯಿ ತೆರೆದೆ. ಪಿಂಟೋ ಸಾಹೇಬರು ಬಾಗಿಲಲ್ಲಿ ಕೂತ ಹಾಗೆ ಅನ್ನಿಸಿತು. ಅವಳು ಹೇಳಬೇಡ ಅಂದಿದ್ದೂ ನೆನಪಾಯಿತು. ಹಿರೇಮಠರು ನನ್ನನ್ನೇ ನೋಡುತ್ತಿದ್ದವರು ಕೈ ಅಡ್ಡ ಮಾಡಿದರು.

"ಬ್ಯಾಡ್ರಿ. ಹೇಳಬ್ಯಾಡ್ರಿ. ಆಕಿ ನಂಬರ್ ಅದು. ಈ ಸಲ ಅದನ್ನ ಹಾಕಿ ಕೊಡ್ರಿ."

ಒಂದೇ ರ‍್ಯಾಕೆಟಿಗೆ ಹಾಕಿದೆ. ಮಷೀನಿನ ಅಂಕಿ ಅವರಿಗೆ ಕಾಣದ ಹಾಗೆ ಅಡ್ಡ ನಿಂತೆ. ಗಂಟು ಕಟ್ಟಿ, ತುದಿ ಕತ್ತರಿಸಿ, ಅವರ ಕೈಗೆ ಕೊಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು ರ‍್ಯಾಕೆಟನ್ನು ತೊಡೆಯ ಮೇಲೆ ಇಟ್ಟುಕೊಂಡರು. ನಡುವೆ ಹೆಬ್ಬೆರಳು ಇಟ್ಟು ಒತ್ತಿದರು. ಬೆರಳು ಒಳಗೆ ಹೋಯಿತು. ಇನ್ನೂ ಒತ್ತಿದರು, ಇನ್ನೂ ಹೋಯಿತು.

"ಇಷ್ಟ ಸಡ್ಲ ಬೇಕಾಗಿತ್ತೇನ್ರಿ ಆಕಿಗೆ?"

"ಹೌದು," ಅಂದೆ. "ಇಷ್ಟೇ."

ಅವರು ಬೆರಳು ತೆಗೆಯಲಿಲ್ಲ.